ಗರಸು ಬಂತು ಅಂತ ನಿಲ್ಲಿಸಿದ ಗುಂಡಿ

ಹೋದ ವರ್ಷ ಏಪ್ರಿಲ್‌ನಲ್ಲಿ ತಿಪಟೂರು ಕಡೆ ಒಂದು ತೆಂಗಿನ ತೋಟದಲ್ಲಿ ಶೆಡ್ ಕೆಲಸ ಹಿಡಿದಿದ್ದೆವು. 40 ಅಡಿಗೆ 20 ಅಡಿ. ಆ ಕಡೆ ಐದು ಕಂಬ, ಈ ಕಡೆ ಐದು ಕಂಬ, ಮೂರಿಂಚು ಎಂಎಸ್ (ಉಕ್ಕಿನ) ಪೈಪು. ಮೇಲೆ ಟ್ರಸ್ (ಮಾಡು ಹೊರುವ ಕಬ್ಬಿಣದ ಚೌಕಟ್ಟು), ಪರ್ಲಿನ್ (ಶೀಟು ಕೂರಿಸುವ ಅಡ್ಡಪಟ್ಟಿ), ಕಲರ್ ಶೀಟು. ಅರ್ಧ ಜಾಗ ಟ್ರ್ಯಾಕ್ಟರ್‌ಗೆ, ಇನ್ನರ್ಧ ರಾಗಿ ಹುಲ್ಲಿಗೆ ಮತ್ತು ನಾಲ್ಕು ಹಸುಗಳಿಗೆ. ಫ್ಯಾಬ್ರಿಕೇಷನ್‌ಗೆ ಬಂದು 14 ವರ್ಷ ಆಯಿತು. ಇಂಥ ಶೆಡ್ಡು ಎಷ್ಟು ನಿಲ್ಲಿಸಿದ್ದೇನೋ ಲೆಕ್ಕ ಇಟ್ಟಿಲ್ಲ.

ತೋಟದ ಯಜಮಾನರಿಗೆ ಅರವತ್ತು ದಾಟಿತ್ತು. ತಮ್ಮ ಶೆಡ್ಡನ್ನು ಆದಷ್ಟು ತಾವೇ ಕಟ್ಟಬೇಕು ಅನ್ನುವ ಆಸೆ ಅವರದು. ಗುಂಡಿ ನಾವೇ ತೆಗೆಯುತ್ತೇವೆ, ಜಲ್ಲಿ ಮರಳು ನಮ್ಮದೇ, ಕಬ್ಬಿಣದ ಕೆಲಸ ಮಾತ್ರ ನೀವು ಮಾಡಿ ಅಂದರು. ಅಪ್ಪ ಮಗ ಇಬ್ಬರೂ ಎರಡು ದಿನ ಹಾರೆ ಹಿಡಿದರು. ದಾರ ಎಳೆದು, ಮೂಲೆಮಟ್ಟ ನೋಡಿ, ಸುಣ್ಣದಲ್ಲಿ ಗುರುತು ಹಾಕಿಕೊಟ್ಟವನು ನಾನು. ಮೂರಡಿ ಆಳ ಹೋಗಿ ಅಂತ ಹೇಳಿದವನೂ ನಾನೇ.

ಒಂದೂವರೆ ಅಡಿಗೆ ಗರಸು, ಅಂದರೆ ಕಲ್ಲಿನ ಹಾಗೆ ಗಟ್ಟಿಯಾದ ಕಲ್ಲುಮಣ್ಣು ಬಂತು. ಹಾರೆ ಹಾಕಿದರೆ ಟಣ್ ಅಂತ ಹಿಂದಕ್ಕೆ ಪುಟಿಯುತ್ತಿತ್ತು. ಮಗನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಯಜಮಾನರು ಗುಂಡಿಯ ಅಂಚಿನಲ್ಲಿ ಕೂತು, "ಮೇಸ್ತ್ರಿ, ಇನ್ನೂ ಹೋಗಬೇಕಾ?" ಅಂದರು. ನಾನು ಬಗ್ಗಿ ನೋಡಿದೆ. ಗಟ್ಟಿ ನೆಲ, ಒಳ್ಳೆ ಗರಸು. "ಸಾಕು ಬಿಡಿ ಯಜಮಾನ್ರೇ, ಕಲ್ಲಿದ್ದ ಹಾಗಿದೆ, ಇದರ ಮೇಲೆ ಮನೆನೇ ಕಟ್ಟಬಹುದು" ಅಂದೆ.

ಅವರಿಗೆ ಪೂರ್ತಿ ಸಮಾಧಾನ ಆಗಿರಲಿಲ್ಲ. "ಹುಲ್ಲಿನ ಬಣವೆಗೇ ನಾವು ಹಗ್ಗ ಹಾಕಿ, ತುದಿಗೆ ಕಲ್ಲು ಕಟ್ತೀವಿ. ಇದಕ್ಕೆ ಏನು ಕಟ್ತೀರಿ?" ಅಂತ ಕೇಳಿದರು. ಕಬ್ಬಿಣ ಅಲ್ವಾ, ಅದರ ತೂಕವೇ ಸಾಕು ಅಂತ ಹೇಳಿಬಿಟ್ಟೆ. ಆ ದಿನ ಕೇಳಬೇಕಾಗಿದ್ದ ಪ್ರಶ್ನೆಯನ್ನು ಅವರು ಕೇಳಿದ್ದರು. ನಾನು ನಿಂತು ಯೋಚನೆ ಮಾಡಲಿಲ್ಲ.

ಕಂಬ ನಿಲ್ಲಿಸಿ, ತೂಗುಗುಂಡು ಹಿಡಿದು, ಕಾಂಕ್ರೀಟ್ ಹಾಕಿದೆವು. ಟ್ರಸ್ಸು ಏರಿತು. ಇನ್ನು ಮೂಲೆಯ ಅಂಕಣಗಳಿಗೆ ಕ್ರಾಸ್ ಕೊಡಬೇಕು, ಅಂದರೆ ಕಂಬಗಳು ವಾಲದ ಹಾಗೆ ಅಡ್ಡಡ್ಡ ಕಬ್ಬಿಣ ಬಿಗಿಯಬೇಕು, ಆಮೇಲೆ ಶೀಟು. ಅದು ನಮ್ಮ ಕ್ರಮ. ಆದರೆ ಬೆಳಗ್ಗೆಯಿಂದ ನಮ್ಮ ಅಂಗಡಿ ಮಾಲೀಕರಿಂದ ಮೂರು ಫೋನು. ಇವತ್ತು ಶೀಟು ಮುಗಿಯಲೇಬೇಕು, ನಾಳೆ ಗಾಡಿ ಅರಸೀಕೆರೆ ಸೈಟಿಗೆ ಹೋಗಬೇಕು ಅಂತ. ಇದನ್ನು ಹೇಳಲೇಬೇಕು. ನಮ್ಮ ಕಡೆ ಶೆಡ್ಡಿನ ರೇಟು ಚದರ ಅಡಿ ಲೆಕ್ಕ. ಶೀಟು ಎಷ್ಟು ದಪ್ಪ, ಯಾವ ಬಣ್ಣ ಎಲ್ಲ ಚೀಟಿಯಲ್ಲಿರುತ್ತದೆ. ಗುಂಡಿ ಎಷ್ಟು ಆಳ ಅಂತ ಒಂದು ಸಾಲೂ ಇರುವುದಿಲ್ಲ. ಮಣ್ಣೊಳಗೆ ಹೋಗುವುದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಕ್ರಾಸ್ ಕೊಡುವ ಕೆಲಸವನ್ನು ಕೊನೆಗೆ ತಳ್ಳಿದೆ. ಅದರ ಮೇಲೆ, ಎರಚಲು ಬಾರದಿರಲಿ ಅಂತ ಪಡುವಣ ಬದಿಗೆ ಮೇಲಿಂದ ಕೆಳಗಿನವರೆಗೆ ಶೀಟು ಹೊಡೆಸಿದೆ. ಉಳಿದ ಮೂರು ಬದಿ ಬಯಲು.

ಮೂರೂವರೆ ಆಗಿತ್ತು. ಒಂದು ಮಗ್ಗುಲಿನ ಮಾಡು ಮುಗಿದು, ಇನ್ನೊಂದರಲ್ಲಿ ನಾಲ್ಕು ಶೀಟು ಬಾಕಿ. ಮೇಲೆ ಇಬ್ಬರು ಹುಡುಗರು. ಮೂಡಣದಲ್ಲಿ ಮೋಡ ಕಟ್ಟಿತು. ಮೊದಲು ಗಾಳಿ ಪೂರ್ತಿ ನಿಂತಿತು, ತೆಂಗಿನ ಗರಿ ಅಲ್ಲಾಡಲಿಲ್ಲ. ಆಮೇಲೆ ದೂರದ ಹೊಲದಲ್ಲಿ ಕೆಂಧೂಳು ಎದ್ದು ನಮ್ಮ ಕಡೆಗೆ ಬರುವುದು ಕಾಣಿಸಿತು. ಒಬ್ಬ ಹುಡುಗ ತಕ್ಷಣ ಇಳಿದ. ಇನ್ನೊಬ್ಬ ಶೀಟಿನ ತುದಿ ಹಿಡಿದು ನನ್ನ ಕಡೆ ನೋಡಿದ. "ಇನ್ನೆರಡು ಸ್ಕ್ರೂ ಹೊಡೆದು ಇಳಿಯೋ, ಇಲ್ಲಾಂದ್ರೆ ಶೀಟು ಹಾರುತ್ತೆ" ಅಂತ ಕೂಗಿದೆ.

ಶೀಟು ಉಳಿಸಲು ಹುಡುಗನನ್ನು ಮೇಲೆ ನಿಲ್ಲಿಸಿದೆ. ಈ ಕೆಲಸದಲ್ಲಿ ನಾನು ಆಡಿದ ಅತಿ ಕೆಟ್ಟ ಮಾತು ಅದು. ರಾತ್ರಿ ಮಲಗಿದಾಗ ಈಗಲೂ ನೆನಪಿಗೆ ಬರುತ್ತದೆ.

ಗಾಳಿ ಬಂತು. ಮೂಡಣದಿಂದ ಒಳಗೆ ನುಗ್ಗಿ, ಪಡುವಣದ ಶೀಟಿಗೆ ಬಡಿದು, ಹೊರಗೆ ಹೋಗಲು ದಾರಿ ಇಲ್ಲದೆ ಮೇಲಕ್ಕೆ ತಳ್ಳಿತು. ಮಾಡು ಡಬ ಡಬ ಅಂತ ಬಡಿದುಕೊಳ್ಳಲು ಶುರುವಾಯಿತು. ನಾನು ಮಧ್ಯದ ಕಂಬವನ್ನು ತಬ್ಬಿ ಹಿಡಿದಿದ್ದೆ. ಕಣ್ಣು ಕೆಳಗೆ ಹೋಯಿತು. ಕಂಬದ ಬುಡದಲ್ಲಿ, ಕಾಂಕ್ರೀಟಿನ ಸುತ್ತ, ಮಣ್ಣಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ನೋಡುತ್ತಿದ್ದ ಹಾಗೆ ಅದು ಬೆರಳು ತೂರುವಷ್ಟು ಅಗಲವಾಯಿತು. ಗಾಳಿ ಸಡಿಲವಾದಾಗ ಮುಚ್ಚಿತು. ಮತ್ತೆ ಬಿಟ್ಟಿತು. ಕಾಂಕ್ರೀಟಿನ ಗುಂಡು ಕಂಬದ ಜೊತೆಯಲ್ಲೇ ಮೇಲೆದ್ದು ಕೂರುತ್ತಿತ್ತು, ಅಲುಗಾಡುವ ಹಲ್ಲಿನ ಹಾಗೆ. ಅಷ್ಟು ಗಟ್ಟಿ ಗರಸು ಕೆಳಗೆ ಸುಮ್ನೆ ಇತ್ತು. ಅದಕ್ಕೇನು ಕೆಲಸವೇ ಇರಲಿಲ್ಲ.

"ಬಿಟ್ಟು ಇಳಿಯೋ!" ಅಂತ ಕಿರುಚಿದೆ. ಅವನು ಡ್ರಿಲ್ ಎಸೆದು ಕಂಬ ಹಿಡಿದು ಜಾರಿದ. ಇಳಿಯುವಾಗ ಶೀಟಿನ ಅಂಚು ಅಂಗೈಗೆ ಎಳೆಯಿತು. ಅವನ ಕಾಲು ನೆಲ ಮುಟ್ಟಿ ನಾವೆಲ್ಲ ತೋಟದ ಕಡೆಗೆ ಓಡಿದೆವು. ಹಿಂದೆ ಮೂಡಣ ಸಾಲಿನ ಮೂರು ಕಂಬ ಬುಡಸಮೇತ ಕಿತ್ತು ಬಂದವು. ಎರಡು ಟ್ರಸ್ಸು ಸೊಟ್ಟಗಾದವು. ಸ್ಕ್ರೂ ಬೀಳದ ಎರಡು ಶೀಟು ಹಾರಿ ತೆಂಗಿನ ಮರಗಳ ನಡುವೆ ಹೋಗಿ ಬಿದ್ದವು. ಎಲ್ಲ ಸೇರಿ ಐದು ನಿಮಿಷವೂ ಆಗಿರಲಿಲ್ಲ. ಹುಡುಗನ ಅಂಗೈಗೆ ಆರು ಹೊಲಿಗೆ ಬಿತ್ತು. ಆಸ್ಪತ್ರೆಯಿಂದ ಅವನ ಅಮ್ಮನಿಗೆ ಫೋನ್ ಮಾಡಿದಾಗ ನನಗೆ ಮಾತು ಹೊರಡಲಿಲ್ಲ.

ಆಮೇಲೆ ಪರಿಚಯದ ಸಿವಿಲ್ ಎಂಜಿನಿಯರ್ ಒಬ್ಬರ ಹತ್ತಿರ ಕೂತು ಲೆಕ್ಕ ಹಾಕಿಸಿದೆ. ಕಟ್ಟಡಗಳ ಮೇಲೆ ಬೀಳುವ ಭಾರಕ್ಕೆ ಇರುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಗಾಳಿಯ ಲೆಕ್ಕ ಇದೆ. ಬೆಂಗಳೂರಿಗೆ ಅದು ಹಿಡಿಯುವ ಗಾಳಿ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 120 ಕಿಲೋಮೀಟರ್. ಆ ಗಾಳಿ 800 ಚದರ ಅಡಿ ಮಾಡನ್ನು ಪೂರ್ತಿ ಬಲದಿಂದ ಎತ್ತಿದರೆ ಹತ್ತಿರ ಹತ್ತಿರ ಐದು ಟನ್. ಶೀಟು, ಟ್ರಸ್ಸು, ಕಂಬ ಎಲ್ಲ ತೂಗಿದರೂ ನಮ್ಮ ಶೆಡ್ಡು ಒಂದೂವರೆ ಟನ್ ದಾಟುತ್ತಿರಲಿಲ್ಲ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಗೆ ಹಿಡಿಯುವ ಕಾಂಕ್ರೀಟು ಸುಮಾರು 230 ಕೆಜಿ. ಹತ್ತು ಕಂಬಕ್ಕೆ ಎರಡು ಟನ್ ಚಿಲ್ಲರೆ. ಎರಡನ್ನೂ ಕೂಡಿಸಿದರೂ ನಾಲ್ಕು ಟನ್ ಮುಟ್ಟಲಿಲ್ಲ. ಅವತ್ತಿನ ಗಾಳಿ ಅಷ್ಟು ಜೋರೂ ಇರಲಿಕ್ಕಿಲ್ಲ. ಆದರೆ ಒಂದು ಬದಿ ಮುಚ್ಚಿದ್ದೆ, ಕ್ರಾಸ್ ಕೊಟ್ಟಿರಲಿಲ್ಲ.

ಮನೆಗೆ ಗಟ್ಟಿ ನೆಲ ಸಿಕ್ಕಿದರೆ ಪುಣ್ಯ. ಮನೆ ಕೆಳಕ್ಕೆ ಒತ್ತುತ್ತದೆ. ಶೆಡ್ಡು ಮೇಲಕ್ಕೆ ಹೋಗಲು ನೋಡುತ್ತದೆ. ಇಷ್ಟು ವರ್ಷ ಕಂಬ ಇಳಿಯದಿರಲಿ ಅಂತ ನೋಡಿದೆನೇ ಹೊರತು, ಏಳದಿರಲಿ ಅಂತ ಒಂದು ದಿನವೂ ನೋಡಿರಲಿಲ್ಲ. ಹಳೆ ಶೆಡ್ಡುಗಳು ನಿಂತಿದ್ದವು, ಅದೇ ಧೈರ್ಯ.

ಎಲ್ಲ ಬಿಚ್ಚಿ ಮೊದಲಿನಿಂದ ಮಾಡಿದೆವು. ಗರಸಿಗೆ ಬ್ರೇಕರ್ (ಒಡೆಯುವ ಯಂತ್ರ) ತರಿಸಿ ಮೂರೂವರೆ ಅಡಿ ಇಳಿಸಿದೆವು. ಬುಡದಲ್ಲಿ ಗುಂಡಿಯನ್ನು ಬಾಯಿಗಿಂತ ಅಗಲ ಮಾಡಿಸಿದೆ. ಪೈಪಿನ ಕಾಲಿಗೆ ಅಡ್ಡಡ್ಡ ಎರಡು ರಾಡು ವೆಲ್ಡ್ ಮಾಡಿದೆ, ಕಾಂಕ್ರೀಟಿನಿಂದ ಪೈಪು ಕಿತ್ತು ಬರಬಾರದು ಅಂತ. ಗೋಣಿಚೀಲ ಸುತ್ತಿ ಏಳು ದಿನ ನೀರು ಹಾಕಿಸಿದೆ, ಆಮೇಲೇ ಟ್ರಸ್ಸು ಏರಿಸಿದ್ದು. ಕ್ರಾಸ್ ಬೀಳದೆ ಒಂದು ಶೀಟೂ ಮೇಲೆ ಹೋಗಲಿಲ್ಲ. ಪಡುವಣ ಬದಿಯಲ್ಲಿ ಮೇಲೆ ಎರಡಡಿ ಬಯಲು ಬಿಟ್ಟೆ, ಗಾಳಿ ಹೋಗಲಿ ಅಂತ. ಮಾಲೀಕರು ಮುಖ ಗಂಟು ಹಾಕಿಕೊಂಡರು. ಖರ್ಚಿನ ಒಂದು ಪಾಲು ನನ್ನ ಕೂಲಿಯಲ್ಲೇ ಕಳೆದರು. ಅದಕ್ಕೆ ನಾನು ಏನೂ ಅನ್ನಲಿಲ್ಲ. ಆದರೆ ಗುಂಡಿ ಆಳ ಚೀಟಿಯಲ್ಲಿ ಬರೆಯದೆ ಇನ್ನು ಸೈಟಿಗೆ ಹೋಗುವುದಿಲ್ಲ ಅಂತ ಹೇಳಿದೆ. ಈಗ ಬರೆಯುತ್ತಾರೆ.

ಯಜಮಾನರು ಒಂದು ಬೈಗುಳವೂ ಆಡಲಿಲ್ಲ. ಆ ಏಳು ದಿನ ಬೆಳಗ್ಗೆ, ಸಂಜೆ ತಾವೇ ಬಿಂದಿಗೆ ಹಿಡಿದು ಒಂದೊಂದು ಕಂಬಕ್ಕೂ ನೀರು ಹಾಕುತ್ತಿದ್ದರು.

ಹುಡುಗ ಎರಡು ತಿಂಗಳ ಮೇಲೆ ಕೆಲಸಕ್ಕೆ ಬಂದ. ಬರುತ್ತಾನೋ ಇಲ್ಲವೋ ಅಂತ ಇದ್ದೆ. ಬಂದ ದಿನವೇ ಅಂಗಡಿಯ ಹಾರೆ ತೆಗೆದುಕೊಂಡು, ಟೇಪು ಹಿಡಿದು, ಮೂರೂವರೆ ಅಡಿಗೆ ರೆಡ್ ಆಕ್ಸೈಡ್ ಬಣ್ಣದಲ್ಲಿ ಒಂದು ಗೆರೆ ಎಳೆದ. ಈಗ ಯಾವ ಸೈಟಿಗೆ ಹೋದರೂ ಅವನು ಎಲ್ಲ ಗುಂಡಿಗೂ ಆ ಹಾರೆ ಇಳಿಸಿ ನೋಡುತ್ತಾನೆ. ಗೆರೆ ಮಣ್ಣಿನ ಮಟ್ಟಕ್ಕೆ ಬರದಿದ್ದರೆ ಹಾರೆಯನ್ನು ಗುಂಡಿಯಲ್ಲೇ ಬಿಟ್ಟು, ನನ್ನ ಕಡೆ ನೋಡಿಕೊಂಡು ನಿಲ್ಲುತ್ತಾನೆ.