ಮೀನಿನ ಕಣ್ಣು ಕೊನೆಗೂ ಜಾಗಕ್ಕೆ ಬಂತು

ನಿನ್ನೆ ರಾತ್ರಿ ನನ್ನ ಪುಟ್ಟ ಪ್ರೆಸ್ಸಿನಲ್ಲಿ ಕಾಲ್ಪನಿಕ ನೋಟಿನ ಹನ್ನೆರಡು ಹಾಳೆ ಒತ್ತಿದೆ. ದೀಪಕ್ಕೆ ಹಿಡಿದು ನೋಡಿದರೆ ಹನ್ನೆರಡರಲ್ಲೂ ಮೀನಿನ ಕಣ್ಣು ಕಣ್ಣಿರಬೇಕಾದ ಕಡೆಯೇ ಇತ್ತು! ಮೂರು ವಾರದಿಂದ ಅದು ಕೆನ್ನೆಯಲ್ಲಿತ್ತು, ಒಮ್ಮೊಮ್ಮೆ ಮೀನು ಬಿಟ್ಟು ನೀರಿಗೇ ಹೋಗಿತ್ತು. ಅರ್ಜುನನಿಗೆ ಒಂದೇ ಬಾಣದಲ್ಲಿ ಆಯ್ತು, ನನಗೆ ಮುನ್ನೂರು ಹಾಳೆ ಬೇಕಾಯ್ತು.

ನನ್ನದು ಎಲ್ಲೂ ಇಲ್ಲದ ದ್ವೀಪದ ನೋಟು. ಮುಖಬೆಲೆ 'ಏಳು ಮೀನು'. ನಿಜವಾದ ನೋಟಿನ ತಂಟೆಗೆ ಹೋಗಿಲ್ಲ, ಮನೆಗೆ ಪೊಲೀಸರು ಬರುವುದು ಬೇಡ. ನೋಟಿನ ಮೇಲೆ ಹೆಣೆದುಕೊಂಡಿರುವ ಬಳುಕು ಗೆರೆ ಇರುತ್ತದಲ್ಲ, ಆ ಗಿಲೋಶ್ ಗೆರೆ, ಅಚ್ಚೊತ್ತುವ ಪಾಲಿಮರ್ ಪ್ಲೇಟು ಎಲ್ಲ ಸಲೀಸಾಗಿ ಮುಗಿದಿತ್ತು. ಕಾಡಿದ್ದು ಮುಂದೆ ಅರ್ಧ, ಹಿಂದೆ ಅರ್ಧ ಒತ್ತಿ ಬೆಳಕಿನಲ್ಲಿ ಕೂಡಿಸುವ ಆ ಮೀನಿನ ಚಿತ್ರ. 2002ರ ಯೂರೋ ನೋಟಿನ ಮೂಲೆಯಲ್ಲಿ ಚೂರು ಚೂರು ಗುರುತು ಇತ್ತಲ್ಲ, ಬೆಳಕಿಗೆ ಹಿಡಿದರೆ ಅಂಕಿ ಆಗುತ್ತಿತ್ತು, ಅದೇ ಆಟ.

ಮೊದಲು ಬೈದದ್ದು ತೇವವನ್ನು. ಹತ್ತಿ ಕಾಗದವನ್ನು ಸ್ವಲ್ಪ ಒದ್ದೆ ಮಾಡಿ ಒತ್ತುತ್ತಿದ್ದೆ. ಒದ್ದೆಯಾದ ಕಾಗದ ನಾರಿನ ಅಡ್ಡಕ್ಕೆ ಜಾಸ್ತಿ ಹಿಗ್ಗುತ್ತದೆ. ಸರಿ, ಒಣ ಹಾಳೆಯಲ್ಲೇ ಒತ್ತಿದೆ. ಕೊಂಚ ಸುಧಾರಿಸಿತು, ಅಷ್ಟೇ. ಒಂದು ಹಾಳೆ ಎಡಕ್ಕೆ, ಇನ್ನೊಂದು ಬಲಕ್ಕೆ. ಅಲ್ಲೇ ನನಗೆ ಹೊಳೆಯಬೇಕಿತ್ತು. ಹಿಗ್ಗಿದ್ದರೆ ಎಲ್ಲವೂ ಒಂದೇ ಕಡೆ ಜರುಗಬೇಕು, ಅಲ್ವಾ? ಹೊಳೆಯಲಿಲ್ಲ. ಪ್ಲೇಟಿನ ಅಡಿಗೆ ಕಾಗದ ಸಿಕ್ಕಿಸುತ್ತಾ, ಸ್ಕ್ರೂ ಬಿಗಿ ಮಾಡುತ್ತಾ ಸುಮ್ನೆ ಒಂದು ವಾರ ಕಳೆದೆ.

ಕೊನೆಗೆ ಕ್ಯಾಲಿಪರ್ ತಗೊಂಡು ಹಾಳೆಗಳನ್ನೇ ಅಳೆದೆ. 'ಮಷೀನ್ ಕಟಿಂಗ್, ಎಲ್ಲಾ ಒಂದೇ ಅಳತೆ' ಅಂತ ಮಾರಿದವರು ಕೊಟ್ಟ ಕಾಗದ. ಹತ್ತು ಹಾಳೆಯಲ್ಲಿ ಅತಿ ಕಿರಿದಕ್ಕೂ ಅತಿ ಅಗಲದ್ದಕ್ಕೂ ಒಂದು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ! ಫೋನ್ ಮಾಡಿದರೆ, 'ಹತ್ತಿ ಕಾಗದ ಅಂದ್ರೆ ಹಂಗೇ ಸಾರ್' ಎಂಬ ಉತ್ತರ. ಕತ್ತರಿಸಿದ್ದು ಹತ್ತಿಯೇ ಇರಬೇಕು.

ಆದರೆ ಅರ್ಧ ತಪ್ಪು ನನ್ನದೇ. ಮುಂಭಾಗ ಒತ್ತುವಾಗ ಹಾಳೆಯ ಎಡ ಅಂಚು ಪಕ್ಕದ ಗೇಜ್ ಪಿನ್ನಿಗೆ, ಅಂದರೆ ಹಾಳೆಯನ್ನು ಜಾಗಕ್ಕೆ ನಿಲ್ಲಿಸುವ ಪಿನ್ನಿಗೆ, ತಾಗಿರುತ್ತದೆ. ಮಗುಚಿದ ಮೇಲೆ ಅದೇ ಪಿನ್ನಿಗೆ ತಾಗುವುದು ಇನ್ನೊಂದು ಅಂಚು. ಅಗಲದಲ್ಲಿ ಇರುವ ಹೆಚ್ಚುಕಡಿಮೆಯೆಲ್ಲ ನೇರ ಮೀನಿನ ಕಣ್ಣಿಗೆ ಬಂದು ಬೀಳುತ್ತಿತ್ತು. ಹಿಂಭಾಗಕ್ಕೆ ಪಿನ್ನನ್ನು ಆಚೆ ಬದಿಗೆ ಹಾಕಿದೆ, ಪ್ಲೇಟನ್ನು ಒಮ್ಮೆ ಹೊಂದಿಸಿದೆ. ಮೊದಲು ತಾಗಿದ ಅಂಚಿಗೆ ಪೆನ್ಸಿಲಿನಲ್ಲಿ ಗೀಟು ಎಳೆದು, ಅದೇ ಅಂಚು ಮತ್ತೆ ತಾಗುವಂತೆ ನೋಡಿಕೊಂಡೆ. ಮುಗಿಯಿತು. ಅಚ್ಚುಕೂಟದಲ್ಲಿ ಕೆಲಸ ಕಲಿಯುವ ಹುಡುಗನಿಗೆ ಮೊದಲ ವಾರದಲ್ಲೇ ಹೇಳಿಕೊಡುವ ಪಾಠ ಇದು.

ನಿಜವಾದ ನೋಟು ಅಚ್ಚು ಮಾಡುವವರಿಗೆ ಈ ತಲೆನೋವೇ ಇಲ್ಲ. ಸಿಮಲ್ಟಾನ್ ಥರದ ಆಫ್‌ಸೆಟ್ ಯಂತ್ರದಲ್ಲಿ ಹಾಳೆಯ ಎರಡೂ ಮುಖ ಒಟ್ಟಿಗೇ ಅಚ್ಚಾಗುತ್ತವೆ, ಮಗುಚುವ ಮಾತೇ ಬರುವುದಿಲ್ಲ. ಇದನ್ನು ಓದುತ್ತಾ ಹೋಗಿ ರಷ್ಯಾದ ನೋಟು ಅಚ್ಚಿನ ತಂತ್ರಜ್ಞ ಇವಾನ್ ಓರ್ಲೋವ್ ಹತ್ತಿರ ಸಿಕ್ಕಿಬಿದ್ದೆ. 1890ರ ದಶಕದಲ್ಲೇ ಆತ ಬಣ್ಣಗಳನ್ನೆಲ್ಲ ಮೊದಲು ಒಂದೇ ಪ್ಲೇಟಿನ ಮೇಲೆ ಕೂಡಿಸಿ, ಆಮೇಲೆ ಒಂದೇ ಸಲ ಕಾಗದಕ್ಕೆ ಒತ್ತುವ ದಾರಿ ಕಂಡುಕೊಂಡಿದ್ದ. ಒಂದೇ ಗೆರೆ ನಡುವೆ ಎಲ್ಲೂ ತುಂಡಾಗದೆ ಬಣ್ಣ ಬದಲಿಸುತ್ತದೆ. ನನ್ನ ಪುಟ್ಟ ಪ್ರೆಸ್ಸಿನಲ್ಲಿ ಆಗುವ ಕೆಲಸ ಅಲ್ಲ, ಗೊತ್ತು. ಆದರೂ ಎರಡು ರಬ್ಬರ್ ರೋಲರ್ ತಂದಿಟ್ಟಾಗಿದೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಅದಕ್ಕೂ ಮುಂಚೆ ಸೀರಿಯಲ್ ನಂಬರ್ ಹಾಕಬೇಕು. ಹಳೆಯ ನಂಬರಿಂಗ್ ಮಷೀನು ನಾಲ್ಕಕ್ಕೆ ಬಂದು ಜಾಮ್ ಆಗಿದೆ. ಹಾಗಾಗಿ ದ್ವೀಪದಲ್ಲಿ ಸದ್ಯಕ್ಕೆ ಚಲಾವಣೆಯಲ್ಲಿರುವುದು ನಾಲ್ಕೇ ನೋಟು.