ಕೆಡ್ಡಸದ ಬೇಟೆ ಮತ್ತು ನನ್ನ ಸೀನು

1989ರ ಕೆಡ್ಡಸ. ನನಗೆ 11 ವರ್ಷ. ಆ ದಿನ ನನ್ನ ಒಂದು ಸೀನಿನಿಂದ ಎಲ್ಲರ ಊಟ ಹಾಳಾಯಿತು ಅಂತ ಮಾವ ಈಗಲೂ ಹೇಳುತ್ತಾರೆ. ಅದು ಪೂರ್ತಿ ನಿಜ ಅಲ್ಲ. ಮಧ್ಯಾಹ್ನದ ಮೇಲೆ ಇನ್ನೊಂದು ಮೊಲ ಸಿಕ್ಕಿತ್ತು. ಆದರೆ ಅದನ್ನು ಅವರು ಹೇಳುವುದಿಲ್ಲ.

ತುಳುನಾಡಿನವರಿಗೆ ಕೆಡ್ಡಸ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಘಟ್ಟದ ಮೇಲಿನವರಿಗೆ ಎರಡು ಮಾತು. ಮಕರ ತಿಂಗಳ ಕೊನೆಗೆ, ಅಂದರೆ ಫೆಬ್ರವರಿ ಎರಡನೇ ವಾರದ ಹೊತ್ತಿಗೆ, ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆ. ಗದ್ದೆಗೆ ನೇಗಿಲು ಇಳಿಸುವ ಹಾಗಿಲ್ಲ, ಹಾರೆ ಹಾಕುವ ಹಾಗಿಲ್ಲ. ಹಸಿ ಕಡಿಯಬಾರದು, ಒಣಗಿದ್ದು ಮುರಿಯಬಾರದು ಅಂತ ಮೊದಲೆಲ್ಲ ಮನೆಮನೆಗೆ ಬಂದು ಸಾರುತ್ತಿದ್ದರು. ಅದರ ಬೆನ್ನಿಗೇ, ಎಲ್ಲರೂ ಬೇಟೆಗೆ ಬರಬೇಕು ಅಂತಲೂ ಸಾರುತ್ತಿದ್ದರು! ಹಸಿ ಸೊಪ್ಪು ಕೊಯ್ಯಬಾರದು, ಮೊಲ ಹೊಡೆಯಬಹುದು. ಇದೆಂತ ಲೆಕ್ಕ ಅಂತ ಅಜ್ಜಿಯನ್ನು ಕೇಳಿದ್ದೆ. "ಮೂರು ದಿನ ಈ ಗಂಡಸರನ್ನು ಮನೆಯೊಳಗೆ ಕೂರಿಸಿಕೊಂಡು ನಾನೆಂತ ಮಾಡುವುದು?" ಅಂದಿದ್ದರು.

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲೇ ಬಂದಿತ್ತು. ಮೊಲವೂ ಅದರಲ್ಲಿ ಸೇರಿತ್ತು. ನಮ್ಮೂರಲ್ಲಿ ಗೊತ್ತಿದ್ದವರು ಬಾಯಿ ಬಿಡಲಿಲ್ಲ, ಗೊತ್ತಿಲ್ಲದವರು ಬಲೆ ಬಿಚ್ಚಿದರು.

ಉಡುಪಿ ಹತ್ತಿರದ ಹಿರಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮನೆಯ ಕೆಳಗೆ ಬೈಲುಗದ್ದೆ, ಮೇಲೆ ಪದವು. ಪದವು ಅಂದರೆ ಗುಡ್ಡದ ಮೇಲಿನ ಬಯಲು, ಬರೀ ಮುರಕಲ್ಲು, ಅಂದರೆ ಕೆಂಪುಕಲ್ಲು. ಅದರ ಮೇಲೆ ಮುಳಿಹುಲ್ಲು, ಅಲ್ಲಲ್ಲಿ ಕೇಪಳ, ಕುಂಟಲದ ಪೊದೆ. ಮೊಲ ಹಗಲಿಡೀ ಅಲ್ಲಿ ಮಲಗಿ, ಕತ್ತಲಾದ ಮೇಲೆ ನಮ್ಮ ಉದ್ದಿನ ಗದ್ದೆಗೆ, ಅಲಸಂಡೆ ಸಾಲಿಗೆ ಇಳಿಯುತ್ತಿತ್ತು. ಬೆಳಿಗ್ಗೆ ಮಾವ ತುಂಡಾದ ಕುಡಿ ಹಿಡಿದು ನೋಡುವರು. ದನ ಮೇಯ್ದರೆ ಕಿತ್ತು ಹರಿದಿರುತ್ತದೆ. ಮೊಲ ಕಡಿದದ್ದು ಹಾಗಲ್ಲ. ಹರಿತ ಕತ್ತಿಯಲ್ಲಿ ಓರೆಯಾಗಿ ಕೊಯ್ದ ಹಾಗೆ.

ಅವತ್ತು ಬೆಳಿಗ್ಗೆ ಪದವಿಗೆ ಹತ್ತುವಾಗ ಮಾವ ಹುಲ್ಲಿನ ನಡುವೆ ಕುಕ್ಕರಗಾಲಲ್ಲಿ ಕೂತು ನನ್ನನ್ನು ಕರೆದರು. ಅಲ್ಲೊಂದು ತಗ್ಗು. ನಮ್ಮ ಬೊಗಸೆಗಿಂತ ಸ್ವಲ್ಪ ದೊಡ್ಡದು. ನನ್ನ ಕೈ ಹಿಡಿದು ಅದರೊಳಗೆ ಇಡಿಸಿದರು. ಬೆಚ್ಚಗಿತ್ತು. "ಮುಯೆರ್ ಈಗಷ್ಟೇ ಎದ್ದು ಹೋದದ್ದು" ಅಂದರು. ಮುಯೆರ್ ಅಂದರೆ ತುಳುವಿನಲ್ಲಿ ಮೊಲ. ನಾನು ಅಲ್ಲಿವರೆಗೆ ಮೊಲ ಬಿಲದಲ್ಲಿ ಇರುತ್ತದೆ ಅಂತ ತಿಳಿದಿದ್ದೆ. ನಮ್ಮ ಕಾಡುಮೊಲಕ್ಕೆ ಬಿಲ ತೋಡುವ ಅಭ್ಯಾಸವೇ ಇಲ್ಲ. ಮರಿ ಹಾಕುವುದೂ ನೆಲದ ಮೇಲೆಯೇ. ಅದಕ್ಕೇ ಮರಿಗಳು ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು.

ಬಲೆ ಕಟ್ಟಿದ್ದು ಪದವಿನ ಮೇಲಂಚಿನಲ್ಲಿ. ಹಿಂಗಾಲು ಉದ್ದ ಇರುವುದರಿಂದ ಮೊಲ ಹೆದರಿದರೆ ಏರಿಗೇ ಓಡುತ್ತದೆ, ಇಳಿತಕ್ಕೆ ಅಲ್ಲ ಎನ್ನುವುದು ಮಾವನ ಲೆಕ್ಕ. ದೊಡ್ಡವರೆಲ್ಲ ಕೆಳಗಿನಿಂದ ಪೊದೆಗೆ ದೊಣ್ಣೆ ಬಡಿಯುತ್ತಾ, ಕೂಗುತ್ತಾ ಬರಬೇಕು. ನಾನು ಬಲೆಯ ಒಂದು ತುದಿಯಲ್ಲಿ ಪೊದೆಗೆ ಒರಗಿ ಕೂರಬೇಕು. ಮೊಲ ಬಿದ್ದರೆ ಕೂಗಬೇಕು. ಬೀಳುವವರೆಗೆ ಕಲ್ಲಿನ ಹಾಗಿರಬೇಕು.

ಸುಮಾರು ಹೊತ್ತು ಏನೂ ಇಲ್ಲ. ಕೆಳಗಿನಿಂದ ಸದ್ದು ಮಾತ್ರ. ಆಮೇಲೆ ಕುಂಟಲದ ಬುಡದಿಂದ ಒಂದು ಮೊಲ ಬಂತು. ಓಡಿಕೊಂಡು ಬರಲಿಲ್ಲ. ಎರಡು ಹೆಜ್ಜೆ ಹಾರಿ, ನಿಂತು, ಮತ್ತೆ ಎರಡು ಹೆಜ್ಜೆ. ನನ್ನಿಂದ ಎರಡು ಮಾರು ದೂರದಲ್ಲಿ ಕೂತಿತು. ಬಿಸಿಲು ಅದರ ಬೆನ್ನ ಹಿಂದೆ ಇತ್ತು. ಕಿವಿಯೊಳಗಿನ ನರಗಳು ಒಂದೊಂದೂ ಕಾಣುತ್ತಿದ್ದವು, ಹಲಸಿನ ಚಿಗುರೆಲೆಯನ್ನು ಬೆಳಕಿಗೆ ಹಿಡಿದ ಹಾಗೆ. ಮೂಗು ಒಂದು ಗಳಿಗೆ ಸುಮ್ನೆ ಇರಲಿಲ್ಲ. ಆಚೆ ತಿರುಗಿದಾಗ ಕತ್ತಿನ ಹಿಂದೆ ಕೈಮಸಿ ಒರೆಸಿದಷ್ಟು ಕಪ್ಪು ಕಂಡಿತು. ಇನ್ನು ಎರಡು ಹಾರು ಹಾರಿದರೆ ಬಲೆ.

ಆಗ ಸೀನು ಬಂತು. ಮುಳಿಹುಲ್ಲಿನ ಧೂಳು, ನಾನೆಂತ ಮಾಡುವುದು? ಮೂಗು ಒತ್ತಿ ಹಿಡಿದೆ, ಆಗಲಿಲ್ಲ. ಮೊಲ ಇದ್ದಲ್ಲಿಂದಲೇ ತಿರುಗಿ, ದೊಣ್ಣೆ ಹಿಡಿದು ಬರುತ್ತಿದ್ದವರ ಕಾಲ ನಡುವಿನಿಂದಲೇ ಕೆಳಗೆ ಹೋಯಿತು. ಏರಿಗೆ ಅಲ್ಲ, ಇಳಿತಕ್ಕೆ! ಕಾಳು ನಾಯಿ ಅದು ಹೋದ ಮೇಲೆ ಬೊಗಳಿತು.

ಬೇಕಂತಲೇ ಸೀನಿದೆಯಾ ಅಂತ ಯಾರೋ ಕೇಳಿದರು. ಇಲ್ಲ ಅಂದೆ. ನಿಜವಾಗಿಯೂ ಇಲ್ಲ. ಪಾಪ ಅನ್ನಿಸಿ ಬಿಟ್ಟೆ ಅಂತ ಬರೆದರೆ ಓದಲು ಚೆನ್ನಾಗಿರುತ್ತಿತ್ತೇನೋ. ಆದರೆ ಸಂಜೆ ಸಿಕ್ಕಿದ ಇನ್ನೊಂದು ಮೊಲದ ಗಸಿಯನ್ನು ನಾನು ಎರಡು ಸಲ ಬಡಿಸಿಕೊಂಡು ತಿಂದಿದ್ದೇನೆ. ಅಷ್ಟು ಜನಕ್ಕೆ ಒಬ್ಬೊಬ್ಬರಿಗೆ ಒಂದೋ ಎರಡೋ ತುಂಡು, ಉಳಿದದ್ದೆಲ್ಲ ತೆಂಗಿನಕಾಯಿ ಮತ್ತು ಕೊತ್ತಂಬರಿ.

ನಾನು ಬೇಟೆಗೆ ಹೋದದ್ದು ಅದೊಂದೇ ಸಲ. ಆ ಬಲೆಯನ್ನು ಕೊನೆಗೆ ಇಲಿ ಕಡಿದು ಹಾಕಿತು. ಪದವಿನ ಅರ್ಧ ಕೆಂಪುಕಲ್ಲಿನ ಕೋರೆಯಾಯಿತು, ಇನ್ನರ್ಧಕ್ಕೆ ಗೇರು, ರಬ್ಬರ್ ಬಂತು. ಈಗ ಗದ್ದೆಗೆ ಬರುವುದು ನವಿಲು, ಮಂಗ, ಕಾಡುಹಂದಿ. ಅವುಗಳ ಎದುರು ಮೊಲದ ಉಪದ್ರ ಒಂದು ಉಪದ್ರವೇ ಅಲ್ಲ.

ಕಳೆದ ಕೆಡ್ಡಸಕ್ಕೆ ಊರಿಗೆ ಹೋಗಿದ್ದೆ. ಮಲ್ಪೆಯಿಂದ ತಂದ ಹಳೆ ಮೀನುಬಲೆಯನ್ನು ಅಲಸಂಡೆ ಸಾಲಿನ ಸುತ್ತ ಬೇಲಿ ಕಟ್ಟಿದ್ದರು. ಬೆಳಿಗ್ಗೆ ನೋಡಿದರೆ ಒಂದು ಕಡೆ ನಾಲ್ಕೈದು ಕುಡಿ ಇಲ್ಲ. ಅಲ್ಲಿ ಬಲೆಯ ಬುಡಕ್ಕೆ ಕಲ್ಲು ಹೇರಿರಲಿಲ್ಲ, ಅಡಿಯಿಂದ ನುಗ್ಗಿದೆ. ಬಂದು ಮಾವನಿಗೆ ಹೇಳಿದೆ. ಅವರಿಗೆ 80 ದಾಟಿದೆ, ಜಗಲಿ ಬಿಟ್ಟು ಇಳಿಯುವುದು ಕಡಿಮೆ.

"ಓರೆಯಾಗಿ ಉಂಟಾ?" ಕೇಳಿದರು.

"ಓರೆ."

ಕೋಲು ಹಿಡಿದು ಎದ್ದರು. ಬೇಡ ಅಂದರೂ ಕೇಳಲಿಲ್ಲ. ಗದ್ದೆಯ ಹುಣಿ ಮೇಲೆ ನಿಂತು ಉಸಿರು ತೆಗೆದುಕೊಂಡು, ಬೇಲಿಯ ಆಚೆ ಕೋಲಿನ ತುದಿ ತೋರಿಸಿದರು. ಕಡಲೆಕಾಳಿನ ಹಾಗೆ ಗುಂಡಗೆ ಏಳೆಂಟು ಹಿಕ್ಕೆ. ಒಂದನ್ನು ಹೆಕ್ಕಿ ಕೊಡು ಅಂದರು. ಬೆರಳಲ್ಲಿ ಹಿಚುಕಿ ನೋಡಿದರು.

"ನಿನ್ನೆ ರಾತ್ರಿಯದ್ದೇ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಇಲ್ಲಿ ನಿಂತು ಸೀನಬೇಡ ಮಾರಾಯ" ಅಂದರು.