ಎರಡನೇ ಸೆಲ್‌ದು ತಪ್ಪಿರಲಿಲ್ಲ

ಮೂರು ವಾರ ತಲೆ ತಿಂದ ಸಮಸ್ಯೆ ನಿನ್ನೆ ಸಂಜೆ ಬಗೆಹರಿಯಿತು. ಮಕ್ಕಳ ಜೊತೆ ಮಾಡುತ್ತಿರುವ ರೋಬೋದ ಚಾಸಿ, ಮೋಟಾರು, ಕೋಡು ಎಲ್ಲ ಜೂನ್‌ನಲ್ಲೇ ಮುಗಿದಿತ್ತು. ಕಾಡಿದ್ದು ಬ್ಯಾಟರಿ ಚಾರ್ಜಿಂಗ್.

ನಮ್ಮದು 3ಎಸ್ (ಮೂರು ಸೆಲ್ ಸಾಲಾಗಿ ಜೋಡಿಸಿದ), 2200 ಎಂಎಎಚ್ ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ ಪ್ಯಾಕ್. 1ಸಿ ಲೆಕ್ಕಕ್ಕೆ, ಅಂದರೆ ಪ್ಯಾಕಿನ ಸಾಮರ್ಥ್ಯದಷ್ಟೇ ಕರೆಂಟ್, 2.2 ಆಂಪಿಯರ್ ಇಟ್ಟು ಬ್ಯಾಲೆನ್ಸ್ ಮೋಡ್‌ನಲ್ಲಿ ಹಾಕುತ್ತೇವೆ. ಅದರಲ್ಲಿ ಚಾರ್ಜರ್ ಜಾಸ್ತಿ ಇರುವ ಸೆಲ್ಲನ್ನು ಸ್ವಲ್ಪ ಇಳಿಸಿ ಎಲ್ಲವನ್ನೂ ಸಮ ಮಾಡುತ್ತದೆ. ಎರಡೂವರೆ ಗಂಟೆಯಾದರೂ ಮುಗಿಯುತ್ತಿರಲಿಲ್ಲ. ಪರದೆಯಲ್ಲಿ ಒಂದನೇ ಸೆಲ್ 3.97 ವೋಲ್ಟ್, ಎರಡನೆಯದು 3.85. ಸ್ವಲ್ಪ ಹೊತ್ತಿಗೆ ತಿರುವುಮುರುವು. ಮೂರನೆಯದು ಮಾತ್ರ 3.91ಕ್ಕೆ ಗಟ್ಟಿಯಾಗಿ ನಿಂತಿತ್ತು.

ಎರಡನೇ ಸೆಲ್ ಕೆಟ್ಟಿದೆ ಅಂದುಕೊಂಡು ಹೊಸ ಪ್ಯಾಕ್ ತರಿಸಿದೆವು. ಅಂಗಡಿಯವರು ಎರಡು ದಿನ ಅಂದರು, ಮಡಿಕೇರಿಗೆ ಬಂದದ್ದು ಹನ್ನೊಂದನೇ ದಿನ. ಅದೂ ಬರೀ ಪ್ಲಾಸ್ಟಿಕ್ ಕವರ್‌ನಲ್ಲಿ, ಕನೆಕ್ಟರ್‌ಗೆ ಮುಚ್ಚಳವೂ ಇಲ್ಲದೆ. ಮಕ್ಕಳು ಮುಟ್ಟುವ ಸಾಮಾನಿಗೆ ಅಷ್ಟೂ ಕಾಳಜಿ ಬೇಡ್ವಾ? ಹೊಸದನ್ನು ಹಾಕಿದರೂ ಅದೇ ಕುಣಿತ.

ಆಗ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅಂಕಿಗಳನ್ನು ಕೂಡಿಸಿ ನೋಡಿದಳು. "ಸರ್, ಒಂದು ಏರಿದಷ್ಟೇ ಇನ್ನೊಂದು ಇಳೀತಿದೆ. ಕೂಡಿದ್ರೆ ಎರಡು ಸಲಾನೂ 7.82!"

ಪ್ಲಗ್ ಕಿತ್ತು ಮೀಟರ್ ಇಟ್ಟೆ. ಮೂರೂ ಸೆಲ್ ಸಮ. ಹಾಗಾದರೆ ಕೆಟ್ಟಿದ್ದು ಒಂದು ಮತ್ತು ಎರಡರ ನಡುವಿನ ದಾರಿ, ಅಲ್ವಾ? ಸೆಲ್‌ಗಳ ತಂತಿ ಬಂದು ಕೂರುವ ಚಾರ್ಜರಿನ ಬ್ಯಾಲೆನ್ಸ್ ಬೋರ್ಡಿಗೆ ಟಾರ್ಚ್ ಬಿಟ್ಟೆ. ಒಂದನೇ, ಎರಡನೇ ಸೆಲ್ ಎರಡಕ್ಕೂ ಸೇರಿದ ಎರಡನೇ ಪಿನ್ನಿನ ಬುಡದಲ್ಲಿ ಹಸಿರು ಕಿಲುಬು, ಅಜ್ಜಿಯ ತಾಮ್ರದ ಹಂಡೆಗೆ ಹಿಡಿಯುವಂಥದ್ದೇ. ಮಳೆಗಾಲದ ಥಂಡಿ ಮಾಡಿದ ಕೆಲಸ.

ಆ ಎರಡರಲ್ಲಿ ಯಾವ ಸೆಲ್‌ನಿಂದ ಕರೆಂಟ್ ಇಳಿಸಿದರೂ ಆ ಪಿನ್ನಿನಲ್ಲಿ ವೋಲ್ಟೇಜ್ ಸೋರುತ್ತಿತ್ತು. ಆ ಸೆಲ್ ಕಡಿಮೆ ಕಾಣುತ್ತದೆ, ಪಕ್ಕದ್ದು ಜಾಸ್ತಿ. ಚಾರ್ಜರ್ ಈಗ ಪಕ್ಕದ್ದನ್ನು ಇಳಿಸಲು ಹೋಗುತ್ತದೆ, ಮತ್ತೆ ಉಲ್ಟಾ. ಇದು ಸುಮ್ನೆ ಸಮಯ ಹಾಳು ಮಾಡುವ ತೊಂದರೆಯಲ್ಲ. ನಿಜವಾಗಿ 4.2 ದಾಟಿದ ಸೆಲ್ಲನ್ನು ಚಾರ್ಜರ್ 4.1 ಅಂತ ಓದಿದರೆ ತುಂಬುತ್ತಲೇ ಹೋಗುತ್ತದೆ. ಆಮೇಲೆ ಪ್ಯಾಕ್ ಉಬ್ಬುವುದು, ಬೆಂಕಿ. ಇಷ್ಟು ದಿನ ಮಕ್ಕಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಚಾರ್ಜ್ ಮಾಡಿದ್ದು ನೆನೆದು ರಾತ್ರಿ ನಿದ್ದೆ ಬರಲಿಲ್ಲ.

ಪಿನ್ ಉಜ್ಜಿ ಮುಂದುವರಿಯಲು ಧೈರ್ಯ ಬರಲಿಲ್ಲ, ಬೋರ್ಡನ್ನೇ ಬದಲಿಸಿದೆ. ಈಗ ಮೂರೂ 4.20, ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ. ಇನ್ನು ಪ್ರತಿ ಸಲ ಮೊದಲು ಮೀಟರ್, ಆಮೇಲೆ ಚಾರ್ಜರ್. ಎರಡೂ ಹೇಳುವುದು ತಾಳೆಯಾಗಬೇಕು. ಬೋರ್ಡು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿರುತ್ತದೆ. ಚಾರ್ಜಿಂಗ್ ಜಗಲಿಯಲ್ಲಿ, ಟೈಲ್ಸ್ ಮೇಲೆ, ಪಕ್ಕದಲ್ಲಿ ಮರಳಿನ ಬಕೆಟ್, ಎದ್ದು ಹೋಗದ ಒಬ್ಬರು. ಥಂಡಿ ಅಂತ ಒಬ್ಬ ಹುಡುಗ ಬಟ್ಟೆ ಒಣಗಿಸುವ ಹಾಗೆ ಪ್ಯಾಕನ್ನು ಒಲೆ ಹತ್ತಿರ ಇಟ್ಟಿದ್ದ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಎಲ್ಲವೂ ಒಲೆ ಹತ್ತಿರವೇ ಒಣಗುವುದು, ಅವನಿಗೆ ಗೊತ್ತಾಗಬೇಕಾದರೂ ಹೇಗೆ? ಬೈಯಲಿಲ್ಲ, ಬಿಸಿ ಪ್ಯಾಕಿಗೆ ಯಾಕೆ ಅಪಾಯ ಅಂತ ಕೂರಿಸಿಕೊಂಡು ವಿವರಿಸಿದೆ.

ಜನವರಿಗೆ ಕಣದಲ್ಲಿ ಕಾಫಿ ತಿರುವುವ ರೋಬೋ ಮಾಡುವ ಆಸೆ ಇದೆ. ಅದಕ್ಕೆ ಲಿಥಿಯಂ ಐರನ್ ಫಾಸ್ಫೇಟ್ ಅನ್ನುವ ಇನ್ನೊಂದು ಬಗೆಯ ಪ್ಯಾಕ್. ಅದರ ಸೆಲ್ 3.65 ವೋಲ್ಟ್‌ಗೇ ತುಂಬುತ್ತದೆ, ಲಿಪೋ ಮೋಡ್‌ನಲ್ಲಿ ಹಾಕಿದರೆ ಚಾರ್ಜರ್ 4.2ರವರೆಗೆ ಎಳೆಯಲು ನೋಡುತ್ತದೆ. ಹಾಗಾಗಿ ಅದಕ್ಕೆ ಚಾರ್ಜರೂ ಬೇರೆ, ಕನೆಕ್ಟರೂ ಬೇರೆ. ಮಕ್ಕಳು ಮರೆತು ಚುಚ್ಚಲು ಹೋದರೂ ಅದು ಕೂರಬಾರದು.